ಸತ್ತ ನಕ್ಷತ್ರಕ್ಕೊಂದು ಮಹಜರು

ಆಕಾಶದಲ್ಲಿ ಹೊಸ ನಕ್ಷತ್ರವೊಂದು ದಿಢೀರನೆ ಕಾಣಿಸಿಕೊಂಡರೆ ಹಿಂದಿನವರು ಅದನ್ನು ಗಮನಿಸದೆ ಬಿಡುತ್ತಿರಲಿಲ್ಲ. ಕ್ರಿ.ಶ. 1054ರಲ್ಲಿ ವೃಷಭ ರಾಶಿಯಲ್ಲಿ ಮೂಡಿದ ‘ಅತಿಥಿ ನಕ್ಷತ್ರ’ವನ್ನು ಚೀನಾದ ಆಸ್ಥಾನ ಜ್ಯೋತಿಷಿಗಳು ದಿನದ ಲೆಕ್ಕ ಇಟ್ಟು ದಾಖಲಿಸಿದ್ದಾರೆ. 23 ದಿನಗಳ ಕಾಲ ಅದು ಹಗಲಿನಲ್ಲೂ ಕಾಣುತ್ತಿತ್ತಂತೆ. 1572ರಲ್ಲಿ ಕುಂತೀ ನಕ್ಷತ್ರಪುಂಜದಲ್ಲಿ ಇಂಥದೇ ಇನ್ನೊಂದು ಮೂಡಿತು. ಡೆನ್ಮಾರ್ಕಿನ ಟೈಕೊ ಬ್ರಾಹೆ ಅದರ ಬಗ್ಗೆ ಪುಸ್ತಕವನ್ನೇ ಬರೆದ. 1604ರಲ್ಲಿ ಕಾಣಿಸಿದ ಮತ್ತೊಂದನ್ನು ಕೆಪ್ಲರ್ ಅಭ್ಯಾಸ ಮಾಡಿದ. ಇವೆಲ್ಲ ದೂರದರ್ಶಕ ಆಕಾಶದತ್ತ ತಿರುಗುವುದಕ್ಕೆ ಮೊದಲಿನ ಮಾತು. ಬರಿಗಣ್ಣೇ ಸಾಕಾಗಿತ್ತು.

ಆದರೆ 1680ರ ಆಸುಪಾಸಿನಲ್ಲಿ ಬಂದ ಅತಿಥಿಯೊಂದನ್ನು ಯಾರೂ ಮಾತನಾಡಿಸಲಿಲ್ಲ. ಇತ್ತ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ, ಅತ್ತ ಇಂಗ್ಲೆಂಡಿನಲ್ಲಿ ನ್ಯೂಟನ್ ಇದ್ದ ಕಾಲ ಅದು. ದೂರದರ್ಶಕ ಬಂದು 70 ವರ್ಷ ಕಳೆದಿತ್ತು. ಗ್ರೀನಿಚ್ ವೀಕ್ಷಣಾಲಯ 1675ರಲ್ಲೇ ಸ್ಥಾಪನೆಯಾಗಿತ್ತು. ಅದೇ ಕುಂತೀ ಪುಂಜದ ದಿಕ್ಕಿನಲ್ಲಿ, ಸೂರ್ಯನಿಗಿಂತ ಎಷ್ಟೋ ಪಾಲು ದೊಡ್ಡದಾದ ನಕ್ಷತ್ರವೊಂದು ಸಿಡಿದ ಬೆಳಕು ಭೂಮಿಯನ್ನು ತಲುಪಿ ಹಾದುಹೋಯಿತು. ಗ್ರೀನಿಚ್‌ನ ಜಾನ್ ಫ್ಲ್ಯಾಮ್‌ಸ್ಟೀಡ್ 1680ರ ಆಗಸ್ಟ್‌ನಲ್ಲಿ ಆ ಭಾಗದಲ್ಲಿ ಗುರುತು ಮಾಡಿದ್ದ ಒಂದು ಮಂದ ಚುಕ್ಕೆ ಇದೇ ಇರಬಹುದೆಂದು ಕೆಲವರು ವಾದಿಸಿದ್ದುಂಟು. ಆದರೆ ಅವನು ಬರೆದ ಸ್ಥಾನ ಸರಿಯಾಗಿ ಹೊಂದುವುದಿಲ್ಲವಾದ್ದರಿಂದ ಎಲ್ಲರೂ ಒಪ್ಪಿಲ್ಲ. ನಡುವೆ ಇರುವ ದೂಳಿನ ಮೋಡಗಳು ಬೆಳಕನ್ನು ತಡೆದಿರಬೇಕು.

ಊರಿನಲ್ಲಿ ಯಾರೂ ನೋಡದ ವೇಳೆಯಲ್ಲಿ ಅವಘಡವೊಂದು ನಡೆದರೆ ಪೊಲೀಸರು ಸ್ಥಳಕ್ಕೆ ಬಂದು ಮಹಜರು ಬರೆಯುತ್ತಾರೆ. ಅಲ್ಲಿ ಏನೇನು ಸಿಕ್ಕಿತು, ಯಾವುದು ಯಾವ ದಿಕ್ಕಿಗೆ ಚೆಲ್ಲಿತ್ತು, ಉಳಿದದ್ದೇನು ಎಂಬುದರ ಪಟ್ಟಿ ಅದು. ಸಾಕ್ಷಿಗಳಿಲ್ಲದ ಈ ನಕ್ಷತ್ರದ ಸಾವಿಗೂ ಮುನ್ನೂರು ವರ್ಷಗಳ ನಂತರ ಅಂಥದೊಂದು ಮಹಜರು ಸಿದ್ಧವಾಯಿತು. ಅದನ್ನು ಬರೆಯಲು ನೆರವಾದದ್ದು ನಮಗೆಲ್ಲ ಆಸ್ಪತ್ರೆಯಿಂದ ಪರಿಚಿತವಾದ ಕ್ಷ-ಕಿರಣ.

ಮೊದಲು ಸಿಕ್ಕ ಸುಳಿವು

ಸ್ಫೋಟದ ಜಾಗ ಮೊದಲು ಗೊತ್ತಾದದ್ದು ರೇಡಿಯೊ ಅಲೆಗಳಿಂದ. 1948ರಲ್ಲಿ ಕೇಂಬ್ರಿಜ್‌ನ ಮಾರ್ಟಿನ್ ರೈಲ್ ಮತ್ತು ಗ್ರಹಾಂ ಸ್ಮಿತ್ ಕುಂತೀ ಪುಂಜದಿಂದ ಪ್ರಬಲವಾದ ರೇಡಿಯೊ ಅಲೆಗಳು ಬರುತ್ತಿರುವುದನ್ನು ಕಂಡರು. ಆ ಪುಂಜದ ಪಾಶ್ಚಾತ್ಯ ಹೆಸರು ಕ್ಯಾಸಿಯೋಪಿಯಾ. ಹಾಗಾಗಿ ಅಲೆಗಳ ಆಕರಕ್ಕೆ ಕ್ಯಾಸಿಯೋಪಿಯಾ-ಎ ಎಂದು ಹೆಸರಾಯಿತು. ಚುಟುಕಾಗಿ ಕ್ಯಾಸ್-ಎ. ದೊಡ್ಡ ದೂರದರ್ಶಕಗಳಿಂದ ಅದೇ ಜಾಗವನ್ನು ನೋಡಿದಾಗ ಅಲ್ಲೊಂದು ಇಲ್ಲೊಂದು ಹೊಗೆಯ ಎಳೆಯಂಥ ತುಣುಕುಗಳು ಮಾತ್ರ ಕಂಡವು. ಆ ತುಣುಕುಗಳು ಒಂದು ಕೇಂದ್ರದಿಂದ ಹೊರಕ್ಕೆ ಭಾರೀ ವೇಗದಲ್ಲಿ ಓಡುತ್ತಿದ್ದವು. ಅವುಗಳ ಓಟವನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ ಎಲ್ಲವೂ 17ನೇ ಶತಮಾನದ ಉತ್ತರಾರ್ಧದಲ್ಲಿ ಒಂದೇ ಬಿಂದುವಿನಿಂದ ಹೊರಟಂತೆ ಕಂಡಿತು.

ಇಲ್ಲೊಂದು ಮಾತನ್ನು ನೆನಪಿಡಬೇಕು. ಕ್ಯಾಸ್-ಎ ನಮ್ಮಿಂದ ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿದೆ. ನಕ್ಷತ್ರ ನಿಜವಾಗಿ ಸಿಡಿದದ್ದು ಅದಕ್ಕೂ ಅಷ್ಟು ವರ್ಷ ಮೊದಲು. 1680 ಎಂಬುದು ಸುದ್ದಿ ನಮಗೆ ಮುಟ್ಟಿದ ವರ್ಷ. ಮುಂದೆ ಹೇಳುವ ವರ್ಷಗಳೆಲ್ಲ ಈ ಲೆಕ್ಕದವೇ.

ನಕ್ಷತ್ರ ಏಕೆ ಸಿಡಿಯುತ್ತದೆ?

ನಕ್ಷತ್ರದ ಒಡಲು ಒಂದು ಒಲೆ. ಅಲ್ಲಿ ಜಲಜನಕ ಬೆಸೆದು ಹೀಲಿಯಂ ಆಗುತ್ತದೆ. ಸೂರ್ಯನಿಗಿಂತ ಎಂಟು-ಹತ್ತು ಪಟ್ಟಿಗೂ ಹೆಚ್ಚು ತೂಕದ ನಕ್ಷತ್ರಗಳಲ್ಲಿ ಇದು ಅಲ್ಲಿಗೇ ನಿಲ್ಲದು. ಹೀಲಿಯಂನಿಂದ ಇಂಗಾಲ, ಮುಂದೆ ಆಮ್ಲಜನಕ, ನಿಯಾನ್, ಸಿಲಿಕಾನ್, ಕಡೆಗೆ ನಡುಗರ್ಭದಲ್ಲಿ ಕಬ್ಬಿಣ. ಹೊರಗಿನಿಂದ ಒಳಕ್ಕೆ ಈರುಳ್ಳಿಯ ಪದರಗಳಂತೆ ಒಂದರೊಳಗೊಂದು ಮೂಲವಸ್ತು. ಪಠ್ಯಪುಸ್ತಕಗಳಲ್ಲಿ ಈ ಈರುಳ್ಳಿ ಚಿತ್ರವನ್ನು ನೀವು ನೋಡಿರಬಹುದು.

ಕಬ್ಬಿಣದ ಬೀಜಗಳನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ, ಬದಲಿಗೆ ಖರ್ಚಾಗುತ್ತದೆ. ಒಲೆ ಆರುತ್ತದೆ. ಮೇಲಿನ ಭಾರವನ್ನು ತಡೆಯುವ ಒತ್ತಡ ಇಲ್ಲದಾಗಿ ನಡುಗರ್ಭ ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಕುಸಿಯುತ್ತದೆ. ಸೂರ್ಯನಿಗಿಂತ ಹೆಚ್ಚು ದ್ರವ್ಯ ಸುಮಾರು 20 ಕಿ.ಮೀ. ಅಗಲದ ಗೋಲದಲ್ಲಿ ಅಡಕವಾಗುತ್ತದೆ. ಅದೇ ನ್ಯೂಟ್ರಾನ್ ನಕ್ಷತ್ರ. ಉಳಿದ ಪದರಗಳು ಹೊರಕ್ಕೆ ಚಿಮ್ಮುತ್ತವೆ. ಈ ಸ್ಫೋಟಕ್ಕೆ ಸೂಪರ್‌ನೋವಾ ಎಂದು ಹೆಸರು. ಇನ್ನೊಂದು ಬಗೆಯ ಸೂಪರ್‌ನೋವಾ ಇದೆ. ಅದರಲ್ಲಿ ಶ್ವೇತಕುಬ್ಜವೆಂಬ ಸಣ್ಣ ನಕ್ಷತ್ರ ಇಡಿಯಾಗಿ ಸಿಡಿದುಹೋಗುತ್ತದೆ. ಟೈಕೊ ಕಂಡದ್ದು ಆ ಬಗೆಯದು.

ಸ್ಫೋಟದ ಬೆಳಕು ಕೆಲವು ತಿಂಗಳಲ್ಲಿ ಮಂಕಾಗುತ್ತದೆ. ಆದರೆ ಚಿಮ್ಮಿದ ದ್ರವ್ಯ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಇರುತ್ತದೆ. ಕ್ಯಾಸ್-ಎಯ ಹೊರ ಅಂಚಿನ ಆಘಾತ ತರಂಗದ ವೇಗ ಇಂದಿಗೂ ಸೆಕೆಂಡಿಗೆ ಸುಮಾರು 5,000 ಕಿ.ಮೀ. ಆ ವೇಗದಲ್ಲಿ ಹೊರಟರೆ ಭೂಮಿಯಿಂದ ಚಂದ್ರನಿಗೆ ಒಂದೂಕಾಲು ನಿಮಿಷದ ದಾರಿ. ದಾರಿಯಲ್ಲಿ ಸಿಕ್ಕ ವಿರಳ ಅನಿಲಕ್ಕೆ ಡಿಕ್ಕಿ ಹೊಡೆದು ಮುಂದಿನ ದ್ರವ್ಯ ನಿಧಾನವಾಗುತ್ತದೆ. ಜಾತ್ರೆಯಲ್ಲಿ ಮುಂದಿನವರು ತಟ್ಟನೆ ನಿಂತಾಗ ಹಿಂದಿನವರು ಬಂದು ಬೀಳುತ್ತಾರಲ್ಲ, ಹಾಗೆ ಹಿಂದಿನ ದ್ರವ್ಯ ಬಂದು ಅದಕ್ಕೆ ಅಪ್ಪಳಿಸುತ್ತದೆ. ಓಟದ ಶಕ್ತಿ ಶಾಖವಾಗುತ್ತದೆ. ಅನಿಲದ ಉಷ್ಣತೆ ಕೋಟಿಗಟ್ಟಲೆ ಡಿಗ್ರಿಗೆ ಏರುತ್ತದೆ.

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾಯುತ್ತ ಹೋದಂತೆ ಮೊದಲು ಕೆಂಪು, ಆಮೇಲೆ ಹಳದಿ, ಕೊನೆಗೆ ಬಿಳಿ ಬಣ್ಣಕ್ಕೆ ತಿರುಗುವುದನ್ನು ನೋಡಿದ್ದೀರಿ. ಬಿಸಿ ಹೆಚ್ಚಿದಂತೆ ಹೊಮ್ಮುವ ಬೆಳಕಿನ ಅಲೆಯುದ್ದ ಕಿರಿದಾಗುತ್ತದೆ. ಕೋಟಿ ಡಿಗ್ರಿ ಮುಟ್ಟಿದಾಗ ಬಹುಪಾಲು ಹೊಮ್ಮುವುದು ಕ್ಷ-ಕಿರಣ. ಬರಿಗಣ್ಣಿನ ಬೆಳಕಿನಲ್ಲಿ ಹೊಗೆಯ ಎಳೆಗಳಷ್ಟೇ ಕಂಡ ಅವಶೇಷ ಕ್ಷ-ಕಿರಣದಲ್ಲಿ ಉಜ್ವಲವಾಗಿ ಬೆಳಗುವುದು ಈ ಕಾರಣದಿಂದ.

ಗಾಳಿಯ ಕೋಟೆ ದಾಟಿ

ನಮ್ಮ ವಾಯುಮಂಡಲ ಆಕಾಶದಿಂದ ಬರುವ ಕ್ಷ-ಕಿರಣಗಳನ್ನು ಪೂರ್ತಿಯಾಗಿ ಹೀರಿಬಿಡುತ್ತದೆ. ಜೀವಿಗಳಿಗೆ ಇದು ವರ, ಖಗೋಳಜ್ಞರಿಗೆ ಅಡ್ಡಿ. ರಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರಲ್ಲಾದರೂ ಸೌರವ್ಯೂಹದಾಚೆಯ ಕ್ಷ-ಕಿರಣ ಆಕರವೊಂದು ಸಿಕ್ಕಿದ್ದು 1962ರ ಜೂನ್‌ನಲ್ಲಿ. ಅಮೆರಿಕದ ರಿಕಾರ್ಡೊ ಜಿಯಾಕೋನಿ ಮತ್ತು ಸಂಗಡಿಗರು ಸಣ್ಣ ರಾಕೆಟ್ಟಿನಲ್ಲಿ ಗೈಗರ್ ಗಣಕಗಳನ್ನಿಟ್ಟು ಕೆಲವೇ ನಿಮಿಷ ವಾಯುಮಂಡಲದ ಮೇಲಕ್ಕೆ ಹಾರಿಸಿದರು. ಚಂದ್ರನಿಂದ ಕ್ಷ-ಕಿರಣ ಬರುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಸಿಕ್ಕಿದ್ದು ವೃಶ್ಚಿಕ ರಾಶಿಯಿಂದ ಬರುತ್ತಿದ್ದ ಕ್ಷ-ಕಿರಣದ ಧಾರೆ! ಈ ಕೆಲಸಕ್ಕೆ ಜಿಯಾಕೋನಿಯವರಿಗೆ 2002ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಸೂಪರ್‌ನೋವಾ ಅವಶೇಷದ ಸರದಿ ಎರಡೇ ವರ್ಷದಲ್ಲಿ ಬಂದಿತು. 1054ರ ಅತಿಥಿ ನಕ್ಷತ್ರ ಇದ್ದ ಜಾಗದಲ್ಲಿ ಈಗ ಏಡಿ ನೀಹಾರಿಕೆ ಇದೆ. ಅಲ್ಲಿಂದ ಬರುವ ಕ್ಷ-ಕಿರಣ ಒಂದು ಚುಕ್ಕೆಯಂಥ ನಕ್ಷತ್ರದಿಂದಲೋ ಅಥವಾ ಹರಡಿಕೊಂಡ ನೀಹಾರಿಕೆಯಿಂದಲೋ ಎಂಬ ಪ್ರಶ್ನೆ ಎದ್ದಿತು. ಅಂದಿನ ಉಪಕರಣಗಳಿಗೆ ಅಷ್ಟು ಸೂಕ್ಷ್ಮ ದೃಷ್ಟಿ ಇರಲಿಲ್ಲ. ಹರ್ಬರ್ಟ್ ಫ್ರೀಡ್‌ಮನ್ ಅವರ ತಂಡ ಚಂದ್ರನನ್ನೇ ಉಪಕರಣ ಮಾಡಿಕೊಂಡಿತು. 1964ರ ಜುಲೈ 7ರಂದು ಚಂದ್ರ ಆ ನೀಹಾರಿಕೆಯನ್ನು ಮರೆಮಾಡುವುದಿತ್ತು. ಸರಿಯಾಗಿ ಆ ಹೊತ್ತಿಗೆ ರಾಕೆಟ್ ಹಾರಿತು. ಆಕರ ಚುಕ್ಕೆಯಾಗಿದ್ದರೆ ಚಂದ್ರನ ಅಂಚು ಅಡ್ಡ ಬಂದ ಕ್ಷಣ ಕ್ಷ-ಕಿರಣ ಗಕ್ಕನೆ ನಿಲ್ಲಬೇಕು. ಅದು ನಿಧಾನವಾಗಿ ಇಳಿಯುತ್ತ ಹೋಯಿತು. ಹೊಮ್ಮುವ ಪ್ರದೇಶ ಸುಮಾರು ಒಂದು ಜ್ಯೋತಿರ್ವರ್ಷದಷ್ಟು ಹರಡಿದೆಯೆಂದು ತಿಳಿಯಿತು. ದುಬಾರಿ ದೂರದರ್ಶಕ ಇಲ್ಲದಿದ್ದರೂ ಸರಿಯಾದ ಪ್ರಶ್ನೆ, ಸರಿಯಾದ ಸಮಯ ಇದ್ದರೆ ಉತ್ತರ ಸಿಗುತ್ತದೆ ಎಂಬುದಕ್ಕೆ ಈ ಐದು ನಿಮಿಷಗಳ ಪ್ರಯೋಗ ಒಳ್ಳೆಯ ಉದಾಹರಣೆ.

ಮುಂದಿನ ತೊಡಕು ಕನ್ನಡಿಯದು. ಸಾಮಾನ್ಯ ಕನ್ನಡಿಗೆ ನೇರವಾಗಿ ಬಿದ್ದ ಕ್ಷ-ಕಿರಣ ಪ್ರತಿಫಲಿಸದೆ ಒಳಹೊಕ್ಕು ಹೋಗುತ್ತದೆ. ಆದರೆ ಕೆರೆಯ ನೀರಿಗೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ಅದು ಮುಳುಗದೆ ಪುಟಿಯುತ್ತ ಸಾಗುವುದಿಲ್ಲವೆ? ಹಾಗೆಯೇ ನುಣುಪಾದ ಲೋಹದ ಮೈಯನ್ನು ಸವರುವಷ್ಟು ಓರೆಯಾಗಿ ಬಂದ ಕ್ಷ-ಕಿರಣ ಪುಟಿಯುತ್ತದೆ. ಆದ್ದರಿಂದ ಕ್ಷ-ಕಿರಣ ದೂರದರ್ಶಕದ ಕನ್ನಡಿಗಳು ತಟ್ಟೆಯಂತಿರದೆ ತಳವಿಲ್ಲದ ಪೀಪಾಯಿಯಂತೆ, ಒಂದರೊಳಗೊಂದು ಕೂತಿರುತ್ತವೆ.

ಚಂದ್ರ ತೆಗೆದ ಮೊದಲ ಚಿತ್ರ

ಇಂಥ ನಾಲ್ಕು ಜೊತೆ ಕನ್ನಡಿಗಳನ್ನು ಹೊತ್ತ ದೂರದರ್ಶಕವೊಂದು 1999ರ ಜುಲೈ 23ರಂದು ಅಮೆರಿಕದ ಕೊಲಂಬಿಯ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಯಿತು. ಅದಕ್ಕೆ ಹೆಸರಿಡಲು ನಾಸಾ ಸಂಸ್ಥೆ ಸ್ಪರ್ಧೆ ಏರ್ಪಡಿಸಿತ್ತು. ಗೆದ್ದವರಿಬ್ಬರು: ಒಬ್ಬ ಪ್ರೌಢಶಾಲಾ ವಿದ್ಯಾರ್ಥಿ, ಒಬ್ಬ ಭೌತಶಾಸ್ತ್ರ ಶಿಕ್ಷಕಿ. ಇಬ್ಬರೂ ಸೂಚಿಸಿದ ಹೆಸರು ‘ಚಂದ್ರ’. ನಕ್ಷತ್ರಗಳ ಅಂತ್ಯ ಹೇಗಾಗುತ್ತದೆಂದು ಲೆಕ್ಕ ಹಾಕಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರನ್ನು ಸ್ನೇಹಿತರು ಕರೆಯುತ್ತಿದ್ದದ್ದು ಹಾಗೆ.

1999ರ ಆಗಸ್ಟ್ 26ರಂದು ಬಿಡುಗಡೆಯಾದ ‘ಚಂದ್ರ’ದ ಮೊದಲ ಚಿತ್ರಗಳಲ್ಲಿ ಮುಖ್ಯವಾದದ್ದು ಕ್ಯಾಸ್-ಎಯದು. ಸುಮಾರು ಹತ್ತು ಜ್ಯೋತಿರ್ವರ್ಷ ಅಗಲಕ್ಕೆ ಹರಡಿದ, ಗಂಟು ಗಂಟಾದ, ಹರಿದ ಬಳೆಯಂಥ ಬೆಳಕು. ಅದರ ನಡುವೆ ಒಂದು ಪುಟ್ಟ ಚುಕ್ಕೆ! ಕುಸಿದ ನಡುಗರ್ಭವನ್ನು ಖಗೋಳಜ್ಞರು ಅಲ್ಲಿ ಎಷ್ಟೋ ವರ್ಷ ಹುಡುಕಿ ಸೋತಿದ್ದರು. ಚುಕ್ಕೆ ಸಿಕ್ಕಮೇಲೆ ಹಿಂದಿನ ಐನ್‌ಸ್ಟೈನ್ ಮತ್ತು ರೋಸ್ಯಾಟ್ ಉಪಗ್ರಹಗಳ ಹಳೆಯ ದಾಖಲೆಗಳನ್ನು ತೆರೆದು ನೋಡಿದರು. ಮಸುಕಾಗಿ ಅಲ್ಲೂ ಅದು ಇತ್ತು. ಎಲ್ಲಿ ನೋಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. ಹೀಗೆ ಮಹಜರಿನ ‘ಉಳಿದದ್ದೇನು’ ಎಂಬ ಕಲಮಿಗೆ ಉತ್ತರ ಸಿಕ್ಕಿತು: ಒಂದು ನ್ಯೂಟ್ರಾನ್ ನಕ್ಷತ್ರ. ಅದರ ಮೈಮೇಲೆ ಇಂಗಾಲದ ತೆಳುವಾದ ಪದರವಿದೆ ಎಂದು 2009ರ ಅಧ್ಯಯನವೊಂದು ತಿಳಿಸಿತು.

ಏನೇನು ಸಿಕ್ಕಿತು?

ಪ್ರತಿಯೊಂದು ಮೂಲವಸ್ತುವಿನ ಪರಮಾಣುವೂ ತನ್ನದೇ ಆದ ನಿರ್ದಿಷ್ಟ ಶಕ್ತಿಯ ಕ್ಷ-ಕಿರಣಗಳನ್ನು ಹೊಮ್ಮಿಸುತ್ತದೆ. ಕ್ಯಾಸ್-ಎಯಂಥ ಬಿಸಿ ಅನಿಲದಲ್ಲಿ ಸಿಲಿಕಾನ್‌ನ ಮುಖ್ಯ ರೇಖೆ ಸುಮಾರು 1.86 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಳಿ, ಗಂಧಕದ್ದು 2.46ರ ಬಳಿ, ಕ್ಯಾಲ್ಸಿಯಂನದು 3.9ರ ಬಳಿ, ಕಬ್ಬಿಣದ್ದು 6.7ರ ಬಳಿ. ಬೆರಳಚ್ಚು ಇದ್ದಂತೆ, ಒಂದರದು ಇನ್ನೊಂದಕ್ಕೆ ಹೊಂದದು. ‘ಚಂದ್ರ’ದ ಉಪಕರಣ ಪ್ರತಿಯೊಂದು ಕಿರಣಕಣದ ಶಕ್ತಿಯನ್ನೂ ಅದು ಬಂದ ಜಾಗವನ್ನೂ ಒಟ್ಟಿಗೆ ಗುರುತಿಸುತ್ತದೆ. ಹೀಗಾಗಿ ಕಬ್ಬಿಣ ಎಲ್ಲಿದೆ, ಸಿಲಿಕಾನ್ ಎಲ್ಲಿದೆ ಎಂಬ ನಕ್ಷೆಯನ್ನೇ ಬರೆಯಬಹುದು.

2017ರಲ್ಲಿ ‘ಚಂದ್ರ’ದ ವಿಜ್ಞಾನಿಗಳು ಕೊಟ್ಟ ಅಂದಾಜು ಹೀಗಿದೆ: ಕ್ಯಾಸ್-ಎ ಚೆಲ್ಲಿರುವ ಗಂಧಕದ ತೂಕವೇ 10,000 ಭೂಮಿಗಳಷ್ಟು, ಸಿಲಿಕಾನ್ 20,000 ಭೂಮಿಗಳಷ್ಟು, ಕಬ್ಬಿಣ 70,000 ಭೂಮಿಗಳಷ್ಟು. ಆಮ್ಲಜನಕವಂತೂ ಹತ್ತು ಲಕ್ಷ ಭೂಮಿಗಳಷ್ಟು, ಎಂದರೆ ಸೂರ್ಯನ ತೂಕದ ಮೂರರಷ್ಟು.

‘ನಮ್ಮ ರಕ್ತದ ಕಬ್ಬಿಣ, ಮೂಳೆಯ ಕ್ಯಾಲ್ಸಿಯಂ ನಕ್ಷತ್ರಗಳಲ್ಲಿ ಹುಟ್ಟಿದ್ದು’ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಮಾರ್ಗರೆಟ್ ಮತ್ತು ಜೆಫ್ರಿ ಬರ್ಬಿಜ್, ವಿಲಿಯಂ ಫೌಲರ್, ಫ್ರೆಡ್ ಹಾಯ್ಲ್ ಈ ನಾಲ್ವರು 1957ರಲ್ಲಿ ಅದನ್ನು ವಿವರವಾದ ಲೆಕ್ಕದಿಂದ ತೋರಿಸಿದರು. ಲೆಕ್ಕಕ್ಕೆ ಸಾಕ್ಷಿ ಬೇಕಲ್ಲ! ಹುಟ್ಟಿದ ಕೆಲವೇ ಶತಮಾನಗಳಲ್ಲಿ, ಇನ್ನೂ ಬಿಸಿಯಾಗಿರುವಾಗಲೇ, ಆ ಮೂಲವಸ್ತುಗಳನ್ನು ಎಣಿಸಿ ನೋಡಲು ಸಿಗುವ ಜಾಗ ಸೂಪರ್‌ನೋವಾ ಅವಶೇಷ. ಕ್ಯಾಸ್-ಎಯ ಕಬ್ಬಿಣ ನಮ್ಮ ಮೈಯಲ್ಲಿಲ್ಲ, ನಿಜ. ನಮ್ಮದು 460 ಕೋಟಿ ವರ್ಷಗಳ ಹಿಂದೆ, ಸೂರ್ಯ ಹುಟ್ಟುವ ಮೊದಲೇ ಸಿಡಿದ ನಕ್ಷತ್ರಗಳ ಕೊಡುಗೆ. ಆ ನಕ್ಷತ್ರಗಳ ಗುರುತು ಅಳಿಸಿಹೋಗಿದೆ. ಅವು ಹೇಗೆ ಸತ್ತವೆಂದು ತಿಳಿಯಲು ಇಂದಿನ ಅವಶೇಷಗಳೇ ಗತಿ.

ಈರುಳ್ಳಿ ಚಿತ್ರ ಕೆಟ್ಟಿತು

ಪಠ್ಯಪುಸ್ತಕದ ಚಿತ್ರದ ಪ್ರಕಾರ ಸಿಲಿಕಾನ್ ಹೊರಗೆ, ಕಬ್ಬಿಣ ಒಳಗೆ ಇರಬೇಕು. ಸ್ಫೋಟದಲ್ಲಿ ಹುಟ್ಟುವ ಕಬ್ಬಿಣವೂ (ಅದು ಮೊದಲು ನಿಕ್ಕಲ್ ಆಗಿ ಹುಟ್ಟಿ ಕೆಲವು ತಿಂಗಳಲ್ಲಿ ಕಬ್ಬಿಣವಾಗುತ್ತದೆ) ಒಳಭಾಗದಲ್ಲೇ ತಯಾರಾಗುತ್ತದೆ. ಹೊರಕ್ಕೆ ಚಿಮ್ಮುವಾಗಲೂ ಇದೇ ಕ್ರಮ ಇರಬೇಕಿತ್ತು. ಆದರೆ 2000ದಲ್ಲಿ ಪ್ರಕಟವಾದ ‘ಚಂದ್ರ’ದ ನಕ್ಷೆ ಬೇರೆಯೇ ಕಥೆ ಹೇಳಿತು. ಅವಶೇಷದ ಒಂದು ಪಕ್ಕದಲ್ಲಿ ಕಬ್ಬಿಣ ಸಿಲಿಕಾನನ್ನು ದಾಟಿ ಹೊರಗೆ ನಿಂತಿತ್ತು! ಅನ್ನ ಕುದಿಯುವಾಗ ತಳದ ಅಗುಳು ಮೇಲಕ್ಕೆ ಉಕ್ಕಿಬರುವಂತೆ ನಕ್ಷತ್ರದ ತಳ ಮೇಲೆದ್ದು ಬಂದಿತ್ತು.

ಇದು ಬರಿಯ ಕುತೂಹಲದ ಸಂಗತಿಯಲ್ಲ. ಗಣಕಯಂತ್ರದಲ್ಲಿ ನಕ್ಷತ್ರವನ್ನು ಚೆಂಡಿನಂತೆ ಗುಂಡಗೆ ಇಟ್ಟುಕೊಂಡು ಲೆಕ್ಕ ಹಾಕಿದಾಗ ಆಘಾತ ತರಂಗ ಅರ್ಧದಲ್ಲೇ ನಿಂತು, ನಕ್ಷತ್ರ ಸಿಡಿಯುತ್ತಲೇ ಇರಲಿಲ್ಲ. ಲೆಕ್ಕದಲ್ಲಿ ಸಿಡಿಯದ ನಕ್ಷತ್ರ ಆಕಾಶದಲ್ಲಿ ಸಿಡಿಯುತ್ತದೆಂದರೆ ಲೆಕ್ಕದಲ್ಲೇನೋ ಬಿಟ್ಟುಹೋಗಿದೆ. ಬಿಟ್ಟುಹೋದದ್ದು ಈ ಕುದಿತ ಎಂಬುದು ವಿಜ್ಞಾನಿಗಳ ಊಹೆ. ಅದಕ್ಕೆ ಬಲ ಕೊಡುವ ಪುರಾವೆ 2014ರಲ್ಲಿ ಬಂತು.

ಸ್ಫೋಟದ ಒಡಲಾಳದಲ್ಲಿ ಟೈಟೇನಿಯಂ-44 ಎಂಬ ವಿಕಿರಣಶೀಲ ವಸ್ತು ಹುಟ್ಟುತ್ತದೆ. ಅದರ ಅರ್ಧಾಯು ಸುಮಾರು 60 ವರ್ಷ. ಎಂದರೆ ಪ್ರತಿ 60 ವರ್ಷಕ್ಕೆ ಅದು ಅರ್ಧದಷ್ಟಾಗುತ್ತದೆ. ವಿದ್ಯಾರ್ಥಿಗಳೇ ಲೆಕ್ಕ ಮಾಡಿ ನೋಡಬಹುದು. 340 ವರ್ಷಗಳಲ್ಲಿ ಉಳಿಯುವುದು ಸುಮಾರು ಐವತ್ತರಲ್ಲೊಂದು ಪಾಲು. ಅಷ್ಟೇ ಉಳಿದಿದ್ದರೂ 2012ರಲ್ಲಿ ಹಾರಿದ ನೂಸ್ಟಾರ್ ದೂರದರ್ಶಕ ಅದು ಹೊಮ್ಮಿಸುವ ಪ್ರಬಲ ಕ್ಷ-ಕಿರಣಗಳನ್ನು ಹಿಡಿದು ನಕ್ಷೆ ಬರೆಯಿತು. ಈ ಕಿರಣಗಳು ಬಿಸಿಯಿಂದ ಬರುವಂಥವಲ್ಲ, ಬೀಜ ಒಡೆದು ಬರುವಂಥವು. ಆದ್ದರಿಂದ ಇನ್ನೂ ಕಾಯದ ಒಳಭಾಗವೂ ಕಂಡಿತು. ಟೈಟೇನಿಯಂ ಎಲ್ಲ ಕಡೆ ಸಮನಾಗಿ ಹರಡದೆ ಕೆಲವು ಮುದ್ದೆಗಳಾಗಿ ಚೆಲ್ಲಿತ್ತು. ಬಹುಪಾಲು ಚೆಲ್ಲಿದ್ದು ಒಂದು ದಿಕ್ಕಿಗೆ. ನಡುವಿನ ನ್ಯೂಟ್ರಾನ್ ನಕ್ಷತ್ರ ಸರಿಯುತ್ತಿರುವುದು ಅದರ ವಿರುದ್ಧ ದಿಕ್ಕಿಗೆ. ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವ ನ್ಯೂಟನ್ನನ ಮೂರನೇ ನಿಯಮ! ‘ಯಾವ ದಿಕ್ಕಿಗೆ ಚೆಲ್ಲಿತ್ತು’ ಎಂಬ ಕಲಮೂ ಹೀಗೆ ತುಂಬಿತು.

ಟೈಟೇನಿಯಂ-44 ಕ್ಷಯಿಸಿ ಸ್ಕ್ಯಾಂಡಿಯಂ ಆಗಿ, ಕೊನೆಗೆ ಕ್ಯಾಲ್ಸಿಯಂ-44 ಆಗುತ್ತದೆ. ಪ್ರಕೃತಿಯಲ್ಲಿ ಸಿಗುವ ನೂರು ಕ್ಯಾಲ್ಸಿಯಂ ಪರಮಾಣುಗಳಲ್ಲಿ ಸುಮಾರು ಎರಡು ಈ ಜಾತಿಯವು. ಲೋಟ ಹಾಲಿನಲ್ಲೂ ಇಂಥ ಸ್ಫೋಟಗಳ ನೆನಪು ಇದೆ ಎಂದಾಯಿತು.

ಪ್ರತಿಧ್ವನಿಯ ಸಾಕ್ಷ್ಯ

ಕಣ್ಣಾರೆ ಕಂಡ ಸಾಕ್ಷಿಯೂ ಕೊನೆಗೆ ಸಿಕ್ಕಿತು ಎಂದರೆ ಆಶ್ಚರ್ಯವಾದೀತು. ಬೆಟ್ಟದ ಎದುರು ನಿಂತು ಕೂಗಿದರೆ ಧ್ವನಿ ತಡವಾಗಿ ಮರಳುತ್ತದೆ. ಕ್ಯಾಸ್-ಎಯ ಸ್ಫೋಟದ ಬೆಳಕು ಬೇರೆ ದಿಕ್ಕಿಗೂ ಹೋಗಿತ್ತಲ್ಲ? ಅದು ದೂರದ ದೂಳಿನ ಮೋಡಗಳಿಗೆ ಬಡಿದು, ಮುನ್ನೂರು ವರ್ಷ ಹೆಚ್ಚಿನ ದಾರಿ ಸುತ್ತಿ, ಈ ಶತಮಾನದಲ್ಲಿ ನಮ್ಮನ್ನು ತಲುಪಿತು. 2008ರಲ್ಲಿ ಆ ಮಂದ ಬೆಳಕಿನ ರೋಹಿತ ತೆಗೆದಾಗ ಸತ್ತ ನಕ್ಷತ್ರದ ಗುರುತು ಸಿಕ್ಕಿತು. ಅದೊಂದು ಕೆಂಪು ಮಹಾದೈತ್ಯ. ಸಾಯುವ ಮುನ್ನ ತನ್ನ ಹೊರಮೈಯ ಜಲಜನಕವನ್ನು ಬಹುಪಾಲು ಕಳೆದುಕೊಂಡಿತ್ತು. 17ನೇ ಶತಮಾನದವರ ಕಣ್ತಪ್ಪಿದ ಬೆಳಕನ್ನೇ 21ನೇ ಶತಮಾನದವರು ನೋಡಿದಂತಾಯಿತು.

ಪೀಣ್ಯದಿಂದ ಕುಂತಿಯವರೆಗೆ

ಕ್ಷ-ಕಿರಣ ಖಗೋಳ ವಿಜ್ಞಾನದಲ್ಲಿ ಬೆಂಗಳೂರಿಗೂ ಪಾಲಿದೆ. ಭಾರತದ ಮೊದಲ ಉಪಗ್ರಹ ಆರ್ಯಭಟ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ತಯಾರಾದದ್ದು ಅನೇಕರಿಗೆ ಗೊತ್ತು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅದರ ನೇತೃತ್ವ ವಹಿಸಿದ್ದರು. 1975ರ ಏಪ್ರಿಲ್ 19ರಂದು ಹಾರಿದ ಆ ಉಪಗ್ರಹದಲ್ಲಿ ಆಕಾಶದ ಕ್ಷ-ಕಿರಣಗಳನ್ನು ಅಳೆಯುವ ಉಪಕರಣವಿತ್ತೆಂಬುದು ಅಷ್ಟಾಗಿ ತಿಳಿದಿಲ್ಲ. ವಿದ್ಯುತ್ ಪೂರೈಕೆಯ ದೋಷದಿಂದ ಪ್ರಯೋಗಗಳು ನಾಲ್ಕೈದು ದಿನದಲ್ಲೇ ನಿಂತುಹೋದವು.

ಪ್ರಯತ್ನ ಮಾತ್ರ ನಿಲ್ಲಲಿಲ್ಲ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಆಸ್ಟ್ರೋಸ್ಯಾಟ್ ಉಪಗ್ರಹವನ್ನು ಹಾರಿಸಿತು. ಏಡಿ ನೀಹಾರಿಕೆಯ ನಡುವೆ ಸೆಕೆಂಡಿಗೆ ಸುಮಾರು 30 ಬಾರಿ ತಿರುಗುವ ನ್ಯೂಟ್ರಾನ್ ನಕ್ಷತ್ರವಿದೆ. ಅದರ ಕ್ಷ-ಕಿರಣಗಳ ಧ್ರುವೀಕರಣವನ್ನು, ಎಂದರೆ ಅಲೆಗಳು ಯಾವ ಸಮತಲದಲ್ಲಿ ಕಂಪಿಸುತ್ತವೆ ಎಂಬುದನ್ನು, ಆಸ್ಟ್ರೋಸ್ಯಾಟ್ ಅಳೆದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು.

2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಹಾರಿತು. ಅದರಲ್ಲಿರುವ ಉಪಕರಣಗಳು ಎರಡು. ಪೋಲಿಕ್ಸ್ ಎಂಬುದನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಸರ್ ಸಿ.ವಿ. ರಾಮನ್ ಅದನ್ನು ಸ್ಥಾಪಿಸಿದ್ದು ಕ್ಯಾಸ್-ಎ ಪತ್ತೆಯಾದ 1948ರಲ್ಲೇ. ಇನ್ನೊಂದು ಎಕ್ಸ್‌ಸ್ಪೆಕ್ಟ್. ಅದನ್ನು ತಯಾರಿಸಿದ್ದು ಅದೇ ರಾವ್ ಅವರ ಹೆಸರು ಹೊತ್ತ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ. ಎಕ್ಸ್‌ಸ್ಪೆಕ್ಟ್ ಕಣ್ಣು ತೆರೆದು ಮೊದಲು ನೋಡಿದ್ದು ಏನನ್ನು ಗೊತ್ತೆ? 2024ರ ಜನವರಿ 5ರಂದು ಅದು ತಿರುಗಿದ್ದು ಕ್ಯಾಸ್-ಎಯ ಕಡೆಗೆ! ಮ್ಯಾಗ್ನೀಷಿಯಂ, ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣ ಇಷ್ಟರ ರೇಖೆಗಳೂ ಅದರ ರೋಹಿತದಲ್ಲಿ ಸಾಲಾಗಿ ಕಂಡವು. ಹೊಸ ಉಪಕರಣ ಸರಿಯಾಗಿ ಓದುತ್ತಿದೆಯೇ ಎಂದು ಪರೀಕ್ಷಿಸಲು ಅಕ್ಷರಗಳು ಸ್ಪಷ್ಟವಾಗಿರುವ ಪುಟವೇ ಬೇಕು. ಕ್ಯಾಸ್-ಎ ಅಂಥ ಪುಟ.

ಇನ್ನೂ ಮುಗಿದಿಲ್ಲ

ಐದು ವರ್ಷದ ಕೆಲಸಕ್ಕೆಂದು ಯೋಜಿಸಿದ್ದ ‘ಚಂದ್ರ’ 2024ರಲ್ಲಿ 25 ವರ್ಷ ಪೂರೈಸಿತು. 2023ರ ಸೆಪ್ಟೆಂಬರಿನಲ್ಲಿ ಜಪಾನ್ ಹಾರಿಸಿದ ಕ್ರಿಸಂ ಎಂಬ ದೂರದರ್ಶಕದಲ್ಲಿ, ಒಂದೊಂದು ಕಿರಣಕಣ ಬಿದ್ದಾಗಲೂ ಆಗುವ ಅತ್ಯಲ್ಪ ಬಿಸಿಯನ್ನು ಅಳೆಯುವ ಉಪಕರಣವಿದೆ. ಕ್ಯಾಸ್-ಎಯಲ್ಲಿ ಕ್ಲೋರಿನ್ ಮತ್ತು ಪೊಟ್ಯಾಸಿಯಂ ಲೆಕ್ಕದಲ್ಲಿ ಎಣಿಸಿದ್ದಕ್ಕಿಂತ ಹೆಚ್ಚಾಗಿ ಇರುವುದನ್ನು ಅದು ತೋರಿಸಿದೆ. ಆ ವರದಿ 2025ರ ಕೊನೆಯಲ್ಲಿ ಪ್ರಕಟವಾಯಿತು. ಸಾಯುವ ಮುನ್ನವೇ ಆ ನಕ್ಷತ್ರದ ಪದರಗಳು ಒಳಗೊಳಗೇ ಕಲಸಿಹೋಗಿದ್ದವೇ ಎಂಬ ಹೊಸ ಪ್ರಶ್ನೆ ಈಗ ಎದ್ದಿದೆ. ಮಹಜರಿಗೆ ಇನ್ನೂ ಹಾಳೆಗಳು ಸೇರುತ್ತಲೇ ಇವೆ.

ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಷಯವಿದೆ. ಈ ಕಥೆಯಲ್ಲಿ ಬಂದ ಸಾಮಗ್ರಿಯೆಲ್ಲ ಪ್ರೌಢಶಾಲೆ ಮತ್ತು ಪಿಯುಸಿ ಪುಸ್ತಕದ್ದೇ: ಪ್ರತಿಫಲನ, ರೋಹಿತ, ಅರ್ಧಾಯು, ನ್ಯೂಟನ್ನನ ನಿಯಮ, ಮೂಲವಸ್ತುಗಳ ಕೋಷ್ಟಕ. ಪರೀಕ್ಷೆಗೆಂದು ಬಿಡಿಬಿಡಿಯಾಗಿ ಓದುವ ಈ ಪಾಠಗಳು ಒಂದು ನಕ್ಷತ್ರದ ಸಾವನ್ನು ವಿವರಿಸಲು ಒಟ್ಟಿಗೆ ಬಂದವು. ಪುಸ್ತಕದಲ್ಲಿರುವ ಈರುಳ್ಳಿ ಚಿತ್ರ ಅರ್ಥ ಮಾಡಿಕೊಳ್ಳಲು ಬೇಕು. ಅದನ್ನು ಚೆನ್ನಾಗಿ ಬಲ್ಲವರಿಗೇ ಆಕಾಶದಲ್ಲಿ ಅದು ಎಲ್ಲಿ ತಪ್ಪಿದೆ ಎಂಬುದು ಕಂಡದ್ದು.

ನವೆಂಬರ್, ಡಿಸೆಂಬರ್ ತಿಂಗಳ ಸಂಜೆ, ಬೆಳಕು ಕಡಿಮೆ ಇರುವ ಬಯಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಧ್ರುವ ನಕ್ಷತ್ರದ ಮೇಲ್ಗಡೆ ಐದು ನಕ್ಷತ್ರಗಳು ಇಂಗ್ಲಿಷಿನ ‘ಎಂ’ ಅಕ್ಷರದಂತೆ ಕಾಣುತ್ತವೆ. ಅದೇ ಕುಂತೀ. ಅದರ ಪಕ್ಕದಲ್ಲೇ ಕ್ಯಾಸ್-ಎ ಇದೆ. ಎಷ್ಟು ಹೊತ್ತು ನೋಡಿದರೂ ಅಲ್ಲಿ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಎಪ್ಪತ್ತು ಸಾವಿರ ಭೂಮಿಗಳಷ್ಟು ಕಬ್ಬಿಣ ಅಲ್ಲಿ ಹಾರುತ್ತಿದೆ ಎಂದು ಮಕ್ಕಳಿಗೆ ಹೇಳಿ. ‘ಅದು ಹೇಗೆ ಗೊತ್ತಾಯಿತು?’ ಎಂದು ಅವರು ಕೇಳದೆ ಇರಲಾರರು.